ಮಗಳಿಗೊಂದು ಪತ್ರ: ಹಿರೊಸಾಕಿಯಿಂದ, ಎಳೆ ಎಣಿಸುತ್ತಾ

ಪುಟ್ಟೀ,

ಮೊನ್ನೆ ಫೋನಿನಲ್ಲಿ "ಏನೇನ್ ನೋಡೀದಿ ಅವ್ವಾ, ಫೋಟೋ ಕಳಸು" ಅಂದೆ. ಕಳಿಸಿದೆ. ಕೋಟೆ ಇತ್ತು, ಇವಾಕಿ ಬೆಟ್ಟ ಇತ್ತು. ನೀನು ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸುಮ್ಮನಾದೆ. ತಪ್ಪು ನಿನ್ನದಲ್ಲ ಬಿಡು. ನಾನು ದಿನಾ ನಿಂತು ನೋಡುವ ಸಂಗತಿಗಳು ಫೋಟೋದಲ್ಲಿ ಬರುವಂಥವಲ್ಲ. ಅದಕ್ಕೇ ಈ ಕಾಗದ.

ಇಲ್ಲಿ ಈಗ ಸೇಬಿನ ಸುಗ್ಗಿ. ಜಪಾನಿನ ಸೇಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಅಒಮೊರಿ ಸೀಮೆಯಲ್ಲೇ ಬೆಳೆಯುತ್ತದೆ. ನಾನು ಹೊಲಿಗೆ ಕಲಿಯಲು ಹೋಗುವ ದಾರಿಯಲ್ಲಿ ಒಂದು ತೋಟವಿದೆ. ಅಲ್ಲಿನ ಮುದುಕ ಬೆಳಗ್ಗೆಯೇ ಏಣಿ ಹತ್ತಿರುತ್ತಾನೆ. ಹಣ್ಣು ಕೀಳುವುದಕ್ಕಲ್ಲ, ಎಲೆ ಕೀಳುವುದಕ್ಕೆ! ಹಣ್ಣಿನ ಮೇಲೆ ನೆರಳು ಬೀಳುವ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಒಂದು ಮಗ್ಗಲು ಕೆಂಪಾದ ಮೇಲೆ ಹಣ್ಣನ್ನು ತೊಟ್ಟು ಮುರಿಯದಂತೆ ಮೆಲ್ಲಗೆ ತಿರುಗಿಸಿ, ಇನ್ನೊಂದು ಮಗ್ಗಲನ್ನು ಬಿಸಿಲಿಗೆ ಒಡ್ಡುತ್ತಾನೆ. ಮಾಳಿಗೆಯ ಮೇಲೆ ಅಜ್ಜಿ ಹಪ್ಪಳ ಮಗುಚುತ್ತಿದ್ದಳಲ್ಲ, ಅದೇ ಕೈ. ತಳಕ್ಕೂ ಬೆಳಕು ತಾಕಲಿ ಅಂತ ಗಿಡದ ಕೆಳಗೆ ಬೆಳ್ಳಿ ಬಣ್ಣದ ಹಾಳೆ ಹಾಸಿದ್ದಾನೆ. ನಾನು ದಿನಾ ಐದು ನಿಮಿಷ ತಡವಾಗಿ ಮುಟ್ಟುತ್ತೇನೆ.

ಇಲ್ಲಿಗೆ ಬಂದದ್ದು ಕೊಗಿನ್ ಕಲಿಯಲಿಕ್ಕೆ ಅಂತ ನಿನಗೆ ಗೊತ್ತು. ಆದರೆ ಅದು ಏನು ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದು ಹಿಮದ ಸೀಮೆ. ಹತ್ತಿ ಬೆಳೆಯುವುದಿಲ್ಲ. ಅದು ಸಾಲದು ಅಂತ 1724ರಲ್ಲಿ ಇಲ್ಲಿನ ದೊರೆತನ ರೈತರು ಹತ್ತಿ ಬಟ್ಟೆ ಉಡಕೂಡದು ಅಂತ ಕಟ್ಟಳೆ ಮಾಡಿತು. ಉಳಿದದ್ದು ನಾರಿನ ಬಟ್ಟೆ. ಕಣ್ಣು ಕಣ್ಣಾಗಿ ನೇಯ್ದದ್ದು, ಗಾಳಿ ಸೀದಾ ಒಳಗೆ. ಹೆಣ್ಣುಮಕ್ಕಳು ಆ ತೂತುಗಳನ್ನು ದಾರದಿಂದ ತುಂಬಲು ಕೂತರು. ಮೊದಲು ಅದೇ ನಾರಿನ ದಾರ, ಹತ್ತಿಯ ದಾರ ಕೈಗೆ ಸಿಕ್ಕ ಮೇಲೆ ಬಿಳಿ ಹತ್ತಿ. ನೀಲಿ ಬಟ್ಟೆಯ ಮೇಲೆ ಬಿಳಿ ಎಳೆ. ಹೊರೆ ಹೊರುವ ಊರುಗಳಲ್ಲಿ ಹೆಗಲ ಮೇಲೆ ಒತ್ತೊತ್ತಾಗಿ ಹೊಲಿದರು. ಬಿಳಿ ಕೊಳೆಯಾಗಿ ಹೋದರೆ ಇಡೀ ಅಂಗಿಯನ್ನೇ ಮತ್ತೆ ನೀಲಿಯಲ್ಲಿ ಅದ್ದಿ ವಯಸ್ಸಾದವರಿಗೆ ತೊಡಿಸಿದರು. 1891ರಲ್ಲಿ ಟೋಕಿಯೊ ಕಡೆಯಿಂದ ರೈಲು ಬಂತು, ಅದರ ಹಿಂದೆ ಅಗ್ಗದ ಹತ್ತಿ ಬಟ್ಟೆ ಬಂತು. ಕೊಗಿನ್ ಹೆಚ್ಚೂ ಕಡಿಮೆ ನಿಂತೇಹೋಯಿತು. ಯಾರು ತಾನೇ ತಪ್ಪು ಅಂದಾರು? ಬೆಚ್ಚಗಿನ ಬಟ್ಟೆ ಸಿಕ್ಕರೆ ನಾನೂ ಸೂಜಿ ಕೆಳಗಿಡುತ್ತಿದ್ದೆ.

ಹೊಲಿಗೆ ನೋಡಿದ ಮೊದಲ ದಿನವೇ ನಗು ಬಂತು. ಥೇಟ್ ನಮ್ಮ ಕಸೂತಿಯ ನೇಗಿ ಹೊಲಿಗೆ! ಬಟ್ಟೆಯ ಮೇಲೆ ಏನೂ ಬರೆದುಕೊಳ್ಳುವುದಿಲ್ಲ. ಹಾಸಿನ ಎಳೆ ಎಣಿಸುತ್ತಾ ಹೊಕ್ಕಿನ ಗುಂಟ ಸೂಜಿ ಓಡಿಸುವುದು. ಹೆಸರುಗಳೂ ನಮ್ಮ ಹಾಗೆ ಮನೆಯೊಳಗಿನವೇ. ನಾವು ಮೆಂತೆ ಅಂತೀವಿ, ಇವರು 'ಮಾಮೆಕೊ' ಅಂತಾರೆ, ಅಂದರೆ ಕಾಳು. ಇನ್ನೊಂದು 'ನೆಕೊ ನೊ ಮನಗು', ಬೆಕ್ಕಿನ ಕಣ್ಣು. ಧಾರವಾಡಕ್ಕೂ ಹಿರೊಸಾಕಿಗೂ ಹಳೇ ನಂಟಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಎಳೆ ಎಣಿಸಿ ಹೊಲಿಯುವವರು ಎಲ್ಲೇ ಇರಲಿ, ಇಂಥಲ್ಲಿಗೇ ಬಂದು ಮುಟ್ಟುತ್ತಾರೆ. ಬಟ್ಟೆ ಬೇರೆ ದಾರಿ ಕೊಡುವುದಿಲ್ಲ.

ಆದರೆ ಒಂದು ಫರಕಿದೆ. ಕೊಗಿನ್‌ನಲ್ಲಿ ಬೆಸ ಸಂಖ್ಯೆಯೇ ಆಗಬೇಕು. ಒಂದು, ಮೂರು, ಐದು, ಏಳು. ಇದೇ ಅಒಮೊರಿಯ ಮೂಡಣ ಕಡೆ ನಾನ್ಬು ಸೀಮೆಯವರು ಸಮ ಸಂಖ್ಯೆ ಹಿಡಿಯುತ್ತಾರೆ. ಅಷ್ಟಕ್ಕೇ ಅವರ ಹೊಲಿಗೆಯಲ್ಲಿ ಹರಳಿನ ಆಕಾರ ಅಡ್ಡಕ್ಕೆ ಅಗಲವಾಗುತ್ತದೆ, ಇಲ್ಲಿಯದು ಉದ್ದಕ್ಕೆ ನಿಲ್ಲುತ್ತದೆ. ನಲವತ್ತು ವರ್ಷ ಎಳೆ ಎಣಿಸಿದವಳು ಅಂತ ನನಗೆ ಜಂಬ. ಎರಡನೆಯ ವಾರ ಎಲ್ಲೋ ಮೂರರ ಬದಲು ನಾಲ್ಕು ಹಿಡಿದೆ. ಗೊತ್ತಾಗಿದ್ದು ಇಪ್ಪತ್ತೆರಡು ಸಾಲು ಆದ ಮೇಲೆ. ಕಲಿಸುವ ಅಜ್ಜಿ ಬಂದು ನೋಡಿದಳು. ಎಂಬತ್ತರ ಹತ್ತಿರ ಇರಬೇಕು. ಬಿಚ್ಚಲು ಕತ್ತರಿ ಎತ್ತಿಕೊಂಡೆ. ಆಕೆ ಕೈ ಅಡ್ಡ ಹಿಡಿದಳು. ನಮ್ಮ ಮಾತೆಲ್ಲ ಫೋನಿನ ಅನುವಾದದಲ್ಲೇ ನಡೆಯುವುದು. ಫೋನು ಹೇಳಿತು: "ನಿಮ್ಮದು. ನೀವೇ ಯೋಚನೆ ಮಾಡಿ." ಅರ್ಧ ಗಂಟೆ ಯೋಚನೆ ಮಾಡಿ ಬಿಚ್ಚಿದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಈಗ ಬರೆಯಬೇಕೆಂದು ಕೂತ ಮಾತಿಗೆ ಬರುತ್ತೇನೆ.

ಅವತ್ತು ಸಂಜೆ ಆಕೆ ಮನೆಗೆ ಚಹಾಕ್ಕೆ ಕರೆದಳು. ಅಡುಗೆಮನೆಯ ಮೊಳೆಗೆ ಒಂದು ನೆಲ ಒರೆಸುವ ಅರಿವೆ ತೂಗುಹಾಕಿತ್ತು. ಇದಕ್ಕೆ 'ಜೋಕಿನ್' ಅನ್ನುತ್ತಾರೆ. ಹಳೇ ಟವೆಲ್ ಮಡಚಿ, ನಮ್ಮ ಕೌದಿಗೆ ಹಾಕುವ ಹಾಗೆ ಸಾಲು ಹೊಲಿಗೆ ಹಾಕಿದ್ದು. ಇಲ್ಲಿ ಶಾಲೆ ಮಕ್ಕಳು ಕೊಠಡಿಯನ್ನು ತಾವೇ ಒರೆಸುತ್ತಾರೆ, ಅದಕ್ಕೆ ಮನೆಯಿಂದ ಇದನ್ನು ಒಯ್ಯುತ್ತಾರೆ. ಈಗ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೊಳೆಯ ಮೇಲಿದ್ದದ್ದು ಆಕೆಯ ಮಗಳು ಸಣ್ಣವಳಿದ್ದಾಗ ಹೊಲಿದದ್ದಂತೆ. ಹೊಲಿಗೆ ಒಂದು ಮೂಲೆಯಿಂದ ಹೊರಟು ಎಲ್ಲೆಲ್ಲೋ ಹೋಗಿ ನಡುವೆ ಸಿಕ್ಕುಬಿದ್ದು ನಿಂತಿತ್ತು. ಅಜ್ಜಿ ಅದನ್ನು ಬಳಸುವುದಿಲ್ಲ. ಮೂವತ್ತು ವರ್ಷಕ್ಕಿಂತ ಜಾಸ್ತಿಯಿಂದ ಹಾಗೇ ತೂಗುತ್ತಿದೆ. ಮಗಳು ಈಗ ಬೇರೆ ಊರಲ್ಲಿದ್ದಾಳೆ.

ಚಹಾ ಗಂಟಲಲ್ಲಿ ಇಳಿಯಲಿಲ್ಲ ಪುಟ್ಟೀ.

ನೀನು ಐದನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ಸ್ಪರ್ಧೆಗೆ ಕರವಸ್ತ್ರದ ಮೇಲೆ ತುಳಸಿಕಟ್ಟೆ ಹೊಲಿದಿದ್ದೆ. ಗವಂತಿ ಹೊಲಿಗೆ, ಹೋದ ದಾರಿಯಲ್ಲೇ ತಿರುಗಿ ಬರುವಂಥದ್ದು. ಹೋಗುವಾಗ ಸರಿಯಾಗಿ ಹೋಗಿದ್ದೆ, ತಿರುಗಿ ಬರುವಾಗ ಎಣಿಕೆ ತಪ್ಪಿತ್ತು. ಕಟ್ಟೆ ಎಡಕ್ಕೆ ವಾಲಿತ್ತು. ರಾತ್ರಿ ನೀನು ಮಲಗಿದ ಮೇಲೆ ಅದನ್ನು ಪೂರ್ತಿ ಬಿಚ್ಚಿ ನಾನೇ ಹೊಲಿದೆ. ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಇರಬಾರದು ಅಂತ ನಮ್ಮವ್ವ ನನಗೆ ಕಲಿಸಿದ್ದಳು. ಮೊದಲ ಬಹುಮಾನ ಬಂತು, ಒಂದು ಸ್ಟೀಲಿನ ಡಬ್ಬಿ. ನೀನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕರವಸ್ತ್ರ ತಿರುವಿ ನೋಡಿದೆ. ಏನೂ ಕೇಳಲಿಲ್ಲ. ಆಮೇಲೆ ಸೂಜಿ ಮುಟ್ಟಲಿಲ್ಲ. ನಾನು ಬಂದವರ ಮುಂದೆಲ್ಲ "ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ನೋಡ್ರಿ" ಅಂತ ಹೇಳಿಕೊಂಡು ತಿರುಗಿದೆ.

ಅದು ನನ್ನ ಟ್ರಂಕಿನಲ್ಲಿದೆ. ನಿನ್ನ ಅಜ್ಜಿಯ ಚಂದ್ರಕಾಳಿ ಸೀರೆಯ ಮಡಿಕೆಯೊಳಗೆ. ಬೀಗದ ಕೈ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಹಿಂದೆ. ದೀಪಾವಳಿಗೆ ಮನೆಗೆ ಹೋದಾಗ ತೆಗೆದು ಕಿಟಕಿಯ ಬೆಳಕಿಗೆ ಹಿಡಿ. ಕಟ್ಟೆಯ ಎಡಗಡೆ, ನನ್ನ ಹೊಲಿಗೆಯಿಂದ ಆಚೆಗೆ, ಸಣ್ಣ ತೂತುಗಳ ಸೊಟ್ಟ ಸಾಲೊಂದಿದೆ. ನಿನ್ನ ಸೂಜಿಯವು. ಒಗೆದರೆ ಮುಚ್ಚಿಹೋಗುತ್ತವೆ ಅಂತ ಒಮ್ಮೆಯೂ ಒಗೆದಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ನಾನು ಡಿಸೆಂಬರ್ ಮೊದಲ ವಾರ ಬರುತ್ತೇನೆ. ನಿನಗೂ ಸೇರಿಸಿ ಕೊಗಿನ್ ದಾರ ಎರಡು ಲಡಿ ತೆಗೆದುಕೊಂಡಿದ್ದೇನೆ. ಬೇಕಿದ್ದರೆ ಹೇಳು, ಬೇಡವಾದರೂ ಹೇಳು.

ನಿನ್ನ
ಅವ್ವ