ಕುಡಿದಿದ್ದಾನೆ ಅನ್ನುವ ಮೊದಲು

ಸಂಪಾದಕರೇ,

ನಾನು ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ತೂಕದ ಲೆಕ್ಕ ಬರೆಯುವವನು. ಕಳೆದ ರೋಬಸ್ಟಾ ಕೊಯ್ಲಿನಲ್ಲಿ ಒಂದು ದಿನ ಹನ್ನೊಂದರ ಹೊತ್ತಿಗೆ ಒಬ್ಬ ಕೆಲಸಗಾರ ಗಿಡದ ಬುಡದಲ್ಲಿ ಕೂತುಬಿಟ್ಟಿದ್ದ. ಮೈಯೆಲ್ಲಾ ಬೆವರು, ಕೈ ನಡುಕ, ಕೇಳಿದ್ದಕ್ಕೆ ತೊದಲು ಮಾತು. ಬೆಳ್ಳಂಬೆಳಿಗ್ಗೆ ಏರಿಸಿಕೊಂಡು ಬಂದಿದ್ದಾನೆ ಅಂತ ಬೈದು, ಅವತ್ತಿನ ಹಾಜರಿ ಕತ್ತರಿಸಲು ಹೊರಟವನು ನಾನೇ. ಅಷ್ಟರಲ್ಲಿ ಪಕ್ಕದ ಸಾಲಿನಿಂದ ಅವನ ಹೆಂಡತಿ ಓಡಿ ಬಂದು, "ಸಾರ್, ಅವ್ರು ಕುಡಿದಿಲ್ಲ, ಶುಗರ್ ಮಾತ್ರೆ ನುಂಗಿ ತಿಂಡಿ ತಿನ್ನದೆ ಬಂದವ್ರೆ" ಅಂದಳು. ಫ್ಲಾಸ್ಕಿನಲ್ಲಿದ್ದ ಬೆಲ್ಲದ ಕಾಫಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಮನುಷ್ಯ ಸರಿಯಾದ. ಅವನ ಮುಖ ನೋಡಲು ನನಗೇ ನಾಚಿಕೆಯಾಯಿತು.

ಆಮೇಲೆ ಡಾಕ್ಟರ ಹತ್ತಿರ ಕೇಳಿದೆ. ನಮ್ಮ ಮಿದುಳಿನ ತೂಕ ಮೈತೂಕದ ಶೇಕಡಾ 2 ಅಷ್ಟೇ, ಆದರೆ ಮೈಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದೊಂದಕ್ಕೇ ಬೇಕಂತೆ, ಅದೂ ಹೆಚ್ಚಾಗಿ ರಕ್ತದಲ್ಲಿರುವ ಗ್ಲುಕೋಸಿನಿಂದ. ಕೆಲವು ಶುಗರ್ ಮಾತ್ರೆಗಳು ಹೊಟ್ಟೆಗೆ ಏನಾದರೂ ಬೀಳಲಿ ಬಿಡಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮೈಯಲ್ಲಿ ಹೊರಬರುವಂತೆ ಮಾಡುತ್ತಲೇ ಇರುತ್ತವೆ. ಮೇಲಿಂದ ಏಣಿ ಹತ್ತಿಳಿಯುವ ಕೆಲಸ ಬೇರೆ. ರಕ್ತದ ಶುಗರ್ 70ಕ್ಕಿಂತ (ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) ಕೆಳಗಿಳಿದರೆ ನಡುಕ, ಬೆವರು ಶುರು, ಇನ್ನೂ ಇಳಿದರೆ ಬುದ್ಧಿಯೇ ಮಂಕು. ಆಗ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷ ನೋಡಿ, ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ.

ಹೋದವನು ನನ್ನ ರಕ್ತವನ್ನೂ ಕೊಟ್ಟು ಬಂದೆ. ಬರಿಹೊಟ್ಟೆಯಲ್ಲಿ 118. 100ರ ಒಳಗಿರಬೇಕು, 126 ಮುಟ್ಟಿದರೆ ಸಕ್ಕರೆ ಕಾಯಿಲೆ, ನಾನು ಬಾಗಿಲಲ್ಲೇ ನಿಂತಿದ್ದೇನೆ. ಮಧ್ಯಾಹ್ನ ನಾಲ್ಕೈದು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಹೊಡೆದು, ಮೇಲೆ ಬೆಲ್ಲದ ಕಾಫಿ ಕುಡಿದು ತೂಕದ ಪುಸ್ತಕ ತೆರೆದರೆ ಕೂಡಿದ್ದನ್ನೇ ಮೂರು ಸಲ ಕೂಡುತ್ತಿದ್ದೆ. ವಯಸ್ಸು ಅಂದುಕೊಂಡಿದ್ದೆ. (ಬೆಲ್ಲ ಸಕ್ಕರೆ ಅಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ರಕ್ತಕ್ಕೆ ಅದು ಗೊತ್ತಿಲ್ಲ ಪಾಪ.) ಊಟವಾದ ಮೇಲೆ ಒಂಚೂರು ಮಂಪರು ಎಲ್ಲರಿಗೂ ಬರುತ್ತದೆ, ಸರಿ. ಈಗ ಎರಡೇ ಕಡಂಬುಟ್ಟು, ಕಾಳು-ತರಕಾರಿ ಕರಿ ಜಾಸ್ತಿ, ಊಟ ಮುಗಿಸಿ ಕಣದ ಸುತ್ತ ಹತ್ತು ನಿಮಿಷ ನಡಿಗೆ. ಲೆಕ್ಕ ತಪ್ಪುವುದು ಕಡಿಮೆಯಾಗಿದೆ.

ತೋಟದ ಮಾಲೀಕರಲ್ಲಿ ಒಂದು ಮಾತು. ಕೊಯ್ಲು ಎಷ್ಟೇ ಅವಸರದ್ದಾದರೂ ತಿಂಡಿಗೆ ಅರ್ಧ ಗಂಟೆ ಬಿಡಿ, ಮೇಸ್ತ್ರಿ ಕೈಯಲ್ಲಿ ಒಂದು ಡಬ್ಬಿ ಸಕ್ಕರೆ ಇರಲಿ. ಆರೋಗ್ಯ ಇಲಾಖೆಯವರು ಕೆಲಸಗಾರರ ಲೈನ್‌ಮನೆಗಳಿಗೆ ಶುಗರ್ ನೋಡಲು ಬರುವುದಾದರೆ ಸಂಜೆ ಐದರ ಮೇಲೆ ಬನ್ನಿ, ಹಗಲು ಬಂದರೆ ಅಲ್ಲಿ ಸಿಗುವುದು ಕೋಳಿ, ನಾಯಿ ಮಾತ್ರ.

– ಒಬ್ಬ ತೋಟದ ರೈಟರ್, ಸುಂಟಿಕೊಪ್ಪ