ಭೂಬಳಕೆ ಬದಲಾವಣೆ: ಆಕ್ಷೇಪಣೆ ಸಲ್ಲಿಸಲು ಶುಕ್ರವಾರ ಕೊನೆಯ ದಿನ

ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆಯ ಕಡೆಗಿರುವ ನಮ್ಮ ಬಡಾವಣೆಯ ಹಿಂದಿನ ಜಮೀನನ್ನು ವಸತಿಯಿಂದ ವಾಣಿಜ್ಯ ಬಳಕೆಗೆ ಬದಲಿಸಲು ಅರ್ಜಿ ಬಿದ್ದಿದೆ. ಪತ್ರಿಕೆಯಲ್ಲಿ ಬಂದ ಪ್ರಕಟಣೆಯ ಚಿತ್ರವನ್ನು ಮೇಲೆ ಹಾಕಿದ್ದೇನೆ. ಮಳೆನೀರು ಹರಿಯುವ ನಾಲೆ ಆ ಜಮೀನಿನ ಅಂಚಿನಲ್ಲೇ ಇದೆ. ಆದ್ದರಿಂದ ಮೂರು ಮತ್ತು ನಾಲ್ಕನೇ ಅಡ್ಡರಸ್ತೆಯವರು ದಯವಿಟ್ಟು ಗಮನವಿಟ್ಟು ಓದಿ.

ಭೂಬಳಕೆ ಬದಲಾವಣೆಯ ಅರ್ಜಿ ಹೋಗುವುದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಮಹಾನಗರ ಪಾಲಿಕೆಗೆ ಅಲ್ಲ. ಖಾತಾ ಮತ್ತು ಕಟ್ಟಡ ಪರವಾನಗಿ ಮಾತ್ರ ಪಾಲಿಕೆಯ ಕೆಲಸ. ಕೆಲವರು ಈಗಾಗಲೇ ವಾರ್ಡ್ ಕಚೇರಿಗೆ ಅಲೆದು ಬಂದಿದ್ದಾರೆ. ಇನ್ನು ಯಾರೂ ಚಪ್ಪಲಿ ಸವೆಸಬೇಡಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಸಾರ್ವಜನಿಕರ ಆಕ್ಷೇಪಣೆ ಕರೆದ ಮೇಲೆಯೇ ಇಂಥ ಬದಲಾವಣೆ ಸಾಧ್ಯ. ಗಡುವು ಮುಗಿದ ಮೇಲೆ ಗುಂಪಿನಲ್ಲಿ ಕೂಗಾಡಿ ಫಲವಿಲ್ಲ.

ಆಕ್ಷೇಪಣೆಯ ಪತ್ರದಲ್ಲಿ ಪ್ರಕಟಣೆಯಲ್ಲಿರುವ ಸರ್ವೆ ನಂಬರನ್ನು ತಪ್ಪದೆ ನಮೂದಿಸಿ. "ನಮಗೆ ತೊಂದರೆ" ಎಂದಷ್ಟೇ ಬರೆಯದೆ, ನಾಲೆ, ರಸ್ತೆಯ ಅಗಲ, ಶಾಲಾ ಮಕ್ಕಳ ಓಡಾಟ ಹೀಗೆ ನಿರ್ದಿಷ್ಟ ಕಾರಣ ಕೊಡಿ. ಕಳೆದ ಮಳೆಗಾಲದಲ್ಲಿ ನೀರು ನುಗ್ಗಿದ ಚಿತ್ರಗಳಿದ್ದರೆ ಮುದ್ರಿಸಿ ಲಗತ್ತಿಸಿ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಕೈಗೆ ಬರದೆ ಪ್ರಾಧಿಕಾರದ ಕಚೇರಿಯಿಂದ ಹೊರಡಬೇಡಿ.

ಗಡುವಿನ ಶುಕ್ರವಾರಕ್ಕೆ ಮೊದಲು ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ಹನುಮಾನ್ ಗುಡಿಯ ಕಟ್ಟೆಯ ಮೇಲೆ ಮಾದರಿ ಪತ್ರ ಸಿಗುತ್ತದೆ. ನಮ್ಮ ಬಿಸಿಲು ಗೊತ್ತೇ ಇದೆ, ತಡಮಾಡಬೇಡಿ. ಬದಲಾವಣೆಗೆ ಒಪ್ಪಿಗೆ ಇರುವವರೂ ಬನ್ನಿ. ಅಂಗಡಿಗಳು ಬೇಕೆನ್ನುವುದೂ ಒಂದು ಅಭಿಪ್ರಾಯವೇ.

ಬರುವವರು ಹೆಸರು ಮತ್ತು ಮನೆ ಸಂಖ್ಯೆಯನ್ನು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಅಲ್ಲಿಯವರೆಗೆ ಶುಭೋದಯದ ಚಿತ್ರಗಳಿಗೆ ದಯವಿಟ್ಟು ರಜೆ ಕೊಡಿ.