ಮಗಳಿಗೊಂದು ಪತ್ರ: ಅಳೆಯದ ಪೀಸಿಗೆ ಸಹಿ ಹಾಕಬೇಡ

ಬೆಳಗಾವಿ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಉದ್ಯಮಬಾಗದ ನಿನ್ನ ಕಾರ್ಖಾನೆಯಲ್ಲಿ ಬೆಳಿಗ್ಗೆ ಸೂಪರ್‌ವೈಸರ್ ಒಂದು ಹೇಳುತ್ತಾರೆ, ಮಧ್ಯಾಹ್ನ ಮಾಲಕರು ಇನ್ನೊಂದು, ಸಂಜೆ ಬೈಸಿಕೊಳ್ಳುವವಳು ನೀನು. ಅದು ನಿನ್ನ ತಪ್ಪಲ್ಲವ್ವಾ. ಒಂದೇ ಮಷಿನ್‌ಗೆ ಇಬ್ಬರು ಎರಡು ಆರ್ಡರ್ ಹಚ್ಚಿದರೆ ಸೆಟ್ಟಿಂಗ್ ಬದಲಿಸುವುದರಲ್ಲೇ ಪಾಳಿಯ ಹೊತ್ತು ಹೋಗುತ್ತದೆ. ಆ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೇ ಫಸ್ಟ್ ಪೀಸ್ ತಪಾಸಣೆ, ಅಂದರೆ ಹೊಸ ಸೆಟ್ಟಿಂಗ್‌ನಲ್ಲಿ ಬಂದ ಮೊದಲ ಪೀಸನ್ನು ಅಳೆದು ನೋಡುವುದು. ಟೂಲಿನ ತುದಿ ಸವೆದು ಬೋರ್, ಅಂದರೆ ಕೊರೆದ ರಂಧ್ರ, ಸಣ್ಣದಾದರೆ ಮತ್ತೊಮ್ಮೆ ಕೊರೆಯಬಹುದು. ಮಷಿನ್‌ಗೆ ಕೊಡುವ ಟೂಲಿನ ಅಳತೆ (ಆಫ್‌ಸೆಟ್) ತಪ್ಪಿ ದೊಡ್ಡದಾದರೆ ಆ ಕಾಸ್ಟಿಂಗ್, ಅಂದರೆ ಎರಕದ ಪೀಸು, ಸ್ಕ್ರ್ಯಾಪೇ.

ಬಾಯಿಮಾತಿನ ಆದೇಶ ಬಂದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸು: "ಸರ್, ನೀವು ಹೇಳಿದಂತೆ ಆ ಆರ್ಡರ್ ನಿಲ್ಲಿಸಿ ಇದನ್ನು ಹಚ್ಚುತ್ತಿದ್ದೇವೆ." ಜಗಳ ಬೇಡ, ಅಷ್ಟೇ ಸಾಕು.

ನೀನು ಸಹಿ ಹಾಕುವ ತಪಾಸಣೆ ರಿಪೋರ್ಟಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರು. ಡ್ರಾಯಿಂಗ್‌ನಲ್ಲಿ 40 ಎಚ್7 ಬೋರ್ ಎಂದರೆ ಅಳತೆ 40.000ರಿಂದ 40.025 ಮಿ.ಮೀ. ಒಳಗಿರಬೇಕು. 0.02 ಮಿ.ಮೀ.ವರೆಗಷ್ಟೇ ಅಳೆಯುವ ವರ್ನಿಯರ್ ಹಿಡಿದು ಅದನ್ನು ಪಾಸ್ ಮಾಡಲಾಗದು. ರಂಧ್ರದ ಒಳ ಅಳತೆ ನೋಡುವ ಬೋರ್ ಗೇಜ್ ಇಲ್ಲವೇ ಪ್ಲಗ್ ಗೇಜ್ ಬೇಕೇ ಬೇಕು. ಗೇಜ್ ಸರಿಯಾಗಿ ಅಳೆಯುತ್ತದೆ ಎಂದು ಪರೀಕ್ಷಿಸಿದ ಕ್ಯಾಲಿಬ್ರೇಷನ್ ಚೀಟಿಯ ತಾರೀಖು ಮುಗಿದಿದ್ದರೆ ಗೇಜ್ ನಂಬರ್ ಸಮೇತ ರಿಪೋರ್ಟಿನಲ್ಲೇ ಬರೆ. "ಗಾಡಿ ನಿಂತಿದೆ, ಸಹಿ ಹಾಕು" ಎಂದು ಯಾರೇ ಒತ್ತಾಯಿಸಲಿ, ಅಳೆಯದ ಪೀಸಿಗೆ ಸಹಿ ಹಾಕಬೇಡ. ಮಾಲು ವಾಪಸ್ ಬಂದ ದಿನ ಗ್ರಾಹಕರು ನೋಡುವುದು ಆ ಹಾಳೆಯ ಕೆಳಗಿನ ಹೆಸರನ್ನು.

ಇನ್ನು ಪಗಾರ. ತಿಂಗಳು ಮುಗಿದು ಏಳು ದಿನದೊಳಗೆ ಬರಬೇಕು. ಅದಕ್ಕಿಂತ ನನಗೆ ಚಿಂತೆ ಪಿಎಫ್‌ನದು. ದುಡ್ಡಿನ ಮುಗ್ಗಟ್ಟಿನಲ್ಲಿರುವ ಕಂಪನಿಗಳಲ್ಲಿ ಪಗಾರದಿಂದ ಕಡಿತವಾಗುತ್ತದೆ, ಆದರೆ ಖಾತೆಗೆ ಕಟ್ಟುವುದಿಲ್ಲ. ನಿನ್ನ ಮೂಲ ವೇತನ 15,000. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ನಿನ್ನ ಪಾಲು 1,800, ಕಂಪನಿಯದು 550, ಪಿಂಚಣಿಗೆ 1,250 ಕಾಣಬೇಕು. ಮುಂದಿನ ತಿಂಗಳ 15ನೇ ತಾರೀಖು ಕಟ್ಟುವ ಗಡುವು. ಎರಡು ತಿಂಗಳು ಸಾಲು ಖಾಲಿ ಕಂಡರೆ ಪಗಾರ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ಪಿಎಫ್‌ನ ದೂರು ಪೋರ್ಟಲ್‌ನಲ್ಲಿ ಹಾಕು. ಆ ಚೀಟಿಗಳು ಆಫೀಸಿನ ಕಂಪ್ಯೂಟರಿನಲ್ಲಷ್ಟೇ ಇರುವುದು ಬೇಡ, ಇವತ್ತೇ ನಿನ್ನ ಸ್ವಂತ ಮೇಲ್‌ಗೆ ಕಳಿಸಿಕೋ.

ಬಿಡುವುದೇ ಆದರೆ ಸಿಟ್ಟಿನಲ್ಲಿ ಗೇಟು ದಾಟಿ ಬರಬೇಡ. ರಾಜೀನಾಮೆ ಮೇಲ್‌ನಲ್ಲಿ ಹೋಗಲಿ, ಕೊನೆಯ ದಿನ ಸ್ಪಷ್ಟವಾಗಿರಲಿ, ನೋಟಿಸ್ ಅವಧಿಯನ್ನು ನೇಮಕಾತಿ ಪತ್ರದಲ್ಲಿ ನೋಡಿಕೋ. ಗೇಜು, ಗುರುತಿನ ಚೀಟಿ ಒಪ್ಪಿಸಿದ್ದಕ್ಕೆ ಸಹಿ ತಗೋ. ಪಿಎಫ್‌ನಲ್ಲಿ ನೀನು ಬಿಟ್ಟ ತಾರೀಖನ್ನು ಅವರು ನಮೂದಿಸದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀನೇ ಹಾಕಬಹುದು.

ನಿನ್ನ ಅಪ್ಪ